ವೆಬ್ ಅಪ್ಲಿಕೇಶನ್‌ಗಳಲ್ಲಿ ಸಂದರ್ಶಕರ ಐಪಿ ವಿಳಾಸ

ಸಂದರ್ಶಕರ ಐಪಿ ವಿಳಾಸ ಎಂದರೆ ಒಂದು ಜಾಲತಾಣಕ್ಕೆ ಅಥವಾ ವೆಬ್ ಅಪ್ಲಿಕೇಶನ್‌ಗೆ ಕೋರಿಕೆ ಕಳುಹಿಸಿದ ಸಾಧನವು ಅಂತರಜಾಲದಲ್ಲಿ ಯಾವ ವಿಳಾಸದಿಂದ ಬಂದಂತೆ ಕಾಣುತ್ತದೆಯೋ ಆ ಸಂಖ್ಯೆ. ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳಿಗೆ ಮಿತಿ ಹಾಕಲು, ದುರುಪಯೋಗ ಮಾಡುವವರನ್ನು ತಡೆಯಲು, ಆಡಳಿತ ಪುಟಗಳನ್ನು ಕಚೇರಿಯ ಜಾಲಕ್ಕೆ ಮಾತ್ರ ತೆರೆದಿಡಲು, ಪ್ರದೇಶಕ್ಕೆ ತಕ್ಕಂತೆ ಭಾಷೆ ಅಥವಾ ಬೆಲೆ ತೋರಿಸಲು ಹಾಗೂ ಅಪರಾಧ ತನಿಖೆಗೆ ದಾಖಲೆ ಒದಗಿಸಲು ಈ ವಿಳಾಸವನ್ನು ಬಳಸಲಾಗುತ್ತದೆ.

ಮೇಲ್ನೋಟಕ್ಕೆ ಇದು ಒಂದೇ ಸಾಲಿನ ಪ್ರೋಗ್ರಾಮಿನಲ್ಲಿ ಮುಗಿಯುವ ಕೆಲಸ. ಆದರೆ ಬಳಕೆದಾರನಿಗೂ ಅಪ್ಲಿಕೇಶನ್‌ಗೂ ನಡುವೆ ಒಂದೋ ಹಲವೋ ಮಧ್ಯವರ್ತಿ ಸರ್ವರ್‌ಗಳಿದ್ದಾಗ ಪರಿಸ್ಥಿತಿ ಬದಲಾಗುತ್ತದೆ. ಆಗ ಅಪ್ಲಿಕೇಶನ್ ಬಳಿ ಎರಡು ಬಗೆಯ ಮಾಹಿತಿ ಇರುತ್ತದೆ: ತಾನೇ ಕಂಡ ಸಂಪರ್ಕದ ವಿಳಾಸ ಒಂದು, ಕೋರಿಕೆಯ ಜೊತೆಯಲ್ಲಿ ಬರಹರೂಪದಲ್ಲಿ ಬಂದ ಹೇಳಿಕೆ ಇನ್ನೊಂದು. ಮೊದಲನೆಯದು ಸಾಕ್ಷ್ಯ, ಎರಡನೆಯದು ಬರೆದವರು ಯಾರೆಂದು ತಿಳಿಯುವವರೆಗೆ ಬರಿಯ ಮಾತು. ಈ ಎರಡರ ಭೇದವನ್ನು ಮರೆತ ಪ್ರೋಗ್ರಾಮ್‌ಗಳಿಂದ ಭದ್ರತಾ ಲೋಪಗಳು ಉಂಟಾಗಿವೆ.

ಐಪಿ ವಿಳಾಸ ಮತ್ತು ಸಂಪರ್ಕ

ಐಪಿ ಆವೃತ್ತಿ 4ನ್ನು 1981ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 791 ಎಂಬ ದಸ್ತಾವೇಜು ನಿರೂಪಿಸಿತು. ಇದರ ವಿಳಾಸ 32 ಬಿಟ್‌ಗಳಷ್ಟು ಉದ್ದವಿದ್ದು, 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ ಬರೆಯಲ್ಪಡುತ್ತದೆ. ಒಟ್ಟು ಸಾಧ್ಯ ವಿಳಾಸಗಳು ಸುಮಾರು 429 ಕೋಟಿ. ಇವು ಸಾಲದೆ ಹೋದುದರಿಂದ 128 ಬಿಟ್‌ಗಳ ಐಪಿ ಆವೃತ್ತಿ 6 ರೂಪುಗೊಂಡಿತು; 1998ರ ಡಿಸೆಂಬರ್‌ನಲ್ಲಿ ಬಂದ ಅದರ ವಿವರಣೆಯನ್ನು ಪರಿಷ್ಕರಿಸಿ 2017ರ ಜುಲೈನಲ್ಲಿ ಆರ್‌ಎಫ್‌ಸಿ 8200 ಪ್ರಕಟವಾಯಿತು. ಈಗ ಎರಡೂ ಆವೃತ್ತಿಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ. ಈ ಲೇಖನದ ಉದಾಹರಣೆಗಳಲ್ಲಿ 198.51.100 ಮತ್ತು 203.0.113 ಎಂದು ಆರಂಭವಾಗುವ ವಿಳಾಸಗಳನ್ನು ಬಳಸಲಾಗಿದೆ. ಇವು ದಸ್ತಾವೇಜುಗಳಲ್ಲಿ ಉದಾಹರಣೆ ಕೊಡುವುದಕ್ಕೆಂದೇ ಮೀಸಲಾದವು, ಯಾರಿಗೂ ಸೇರಿದವಲ್ಲ.

ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯಲ್ಲಿ ಬಳಕೆದಾರನ ಐಪಿ ವಿಳಾಸವನ್ನು ಬರೆಯುವ ಮೂಲ ಸ್ಥಾನವೇ ಇಲ್ಲ. ಬ್ರೌಸರ್ ಕಳುಹಿಸುವ ಕೋರಿಕೆಯಲ್ಲಿ ಪುಟದ ಹೆಸರು, ಒಪ್ಪುವ ಭಾಷೆ, ಕುಕಿ ಮೊದಲಾದವು ಇರುತ್ತವೆಯೇ ಹೊರತು ವಿಳಾಸವಿರುವುದಿಲ್ಲ. ಅದು ಕೆಳಗಿನ ಪದರವಾದ ಟಿಸಿಪಿ ಸಂಪರ್ಕದಿಂದ ತಿಳಿಯುತ್ತದೆ. ಟಿಸಿಪಿ ಸಂಪರ್ಕ ಏರ್ಪಡಬೇಕಾದರೆ ಮೊದಲು ಬಳಕೆದಾರನ ಯಂತ್ರವು ಒಂದು ಸಂದೇಶವನ್ನು ಕಳುಹಿಸುತ್ತದೆ. ಸರ್ವರ್ ಅದಕ್ಕೆ ಊಹಿಸಲು ಕಷ್ಟವಾದ ಒಂದು ಕ್ರಮಸಂಖ್ಯೆಯೊಡನೆ ಉತ್ತರಿಸುತ್ತದೆ. ಆ ಸಂಖ್ಯೆಗೆ ತಕ್ಕ ಸ್ವೀಕೃತಿ ಮರಳಿ ಬಂದಾಗ ಮಾತ್ರ ಸಂಪರ್ಕ ಸ್ಥಿರವಾಗುತ್ತದೆ. ಸುಳ್ಳು ವಿಳಾಸ ಬರೆದು ಕಳುಹಿಸಿದವನಿಗೆ ಸರ್ವರ್‌ನ ಉತ್ತರ ತಲುಪುವುದೇ ಇಲ್ಲ; ಅದು ಆ ಸುಳ್ಳು ವಿಳಾಸದವರ ಬಳಿಗೆ ಹೋಗುತ್ತದೆ. ಆದ್ದರಿಂದ ಪೂರ್ಣಗೊಂಡ ಸಂಪರ್ಕದ ಎದುರು ತುದಿಯ ವಿಳಾಸವನ್ನು, ದಾರಿಯ ಮಧ್ಯದಲ್ಲಿ ಕುಳಿತಿರದ ಯಾರೂ ಸುಲಭವಾಗಿ ನಕಲಿ ಮಾಡಲಾರರು.

2022ರ ಜೂನ್‌ನಲ್ಲಿ ಮಾನಕವಾದ ಎಚ್‌ಟಿಟಿಪಿ ಆವೃತ್ತಿ 3 ಟಿಸಿಪಿಯ ಬದಲು ಕ್ವಿಕ್ ಎಂಬ ನಿಯಮವನ್ನು ಅವಲಂಬಿಸಿದೆ. ಅಲ್ಲಿಯೂ ವಿಳಾಸವನ್ನು ಪರೀಕ್ಷಿಸಿಕೊಳ್ಳುವ ಕ್ರಮವಿದೆ. ಆದರೆ ಬಳಕೆದಾರನು ಮನೆಯ ವೈಫೈಯಿಂದ ಮೊಬೈಲ್ ಜಾಲಕ್ಕೆ ಹೊರಳಿದರೂ ಅದೇ ಸಂಪರ್ಕ ಮುಂದುವರಿಯಬಲ್ಲದು. ಹಾಗಾಗಿ ಒಂದು ಸಂಪರ್ಕಕ್ಕೆ ಕೊನೆಯವರೆಗೂ ಒಂದೇ ವಿಳಾಸ ಎಂಬ ಹಳೆಯ ಗ್ರಹಿಕೆ ಇಲ್ಲಿ ನಿಲ್ಲುವುದಿಲ್ಲ.

ನೇರ ಸಂಪರ್ಕದಲ್ಲಿ ವಿಳಾಸ ತಿಳಿಯುವ ವಿಧಾನ

ವೆಬ್ ಸರ್ವರ್ ಮತ್ತು ಪ್ರೋಗ್ರಾಮ್‌ಗಳ ನಡುವಿನ ಹಳೆಯ ಒಪ್ಪಂದವಾದ ಸಿಜಿಐ, ಸಂಪರ್ಕದ ವಿಳಾಸವನ್ನು ‘ರಿಮೋಟ್ ಅಡ್ರೆಸ್’ ಎಂಬುದರ ಸಂಕ್ಷಿಪ್ತ ಹೆಸರಿನ ಒಂದು ಚರಾಂಶದಲ್ಲಿ ಪ್ರೋಗ್ರಾಮಿಗೆ ಒದಗಿಸುತ್ತದೆ. ಪಿಎಚ್‌ಪಿಯ ಸರ್ವರ್ ಪಟ್ಟಿಯಲ್ಲಿಯೂ ಪೈಥಾನ್ ಅಪ್ಲಿಕೇಶನ್‌ಗಳಿಗೆ ದೊರೆಯುವ ಪರಿಸರ ಪಟ್ಟಿಯಲ್ಲಿಯೂ ಅದೇ ಹೆಸರು ಉಳಿದುಬಂದಿದೆ. ಜಾವಾ ಸರ್ವ್‌ಲೆಟ್‌ನಲ್ಲಿ ಇದಕ್ಕಾಗಿ ‘ಗೆಟ್ ರಿಮೋಟ್ ಅಡ್ರೆಸ್’ ಎಂಬರ್ಥದ ವಿಧಾನವಿದೆ. ನೋಡ್ ಜೆಎಸ್‌ನಲ್ಲಿ ಸಾಕೆಟ್‌ನ ಒಂದು ಗುಣವಾಗಿ ಇದು ಸಿಗುತ್ತದೆ. ಹೆಸರುಗಳು ಬೇರೆಯಾದರೂ ಎಲ್ಲವೂ ಹೇಳುವುದು ಒಂದನ್ನೇ: ಕಾರ್ಯಾಚರಣ ವ್ಯವಸ್ಥೆಯು ಕಂಡ ಎದುರು ತುದಿಯ ವಿಳಾಸ. ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿರುವ ಸರ್ವರ್‌ಗೆ ಇಷ್ಟೇ ಸಾಕು. ಅಂತಹ ಕಡೆ ಬೇರೆ ಯಾವುದನ್ನೂ ಓದುವ ಅಗತ್ಯವಿಲ್ಲ, ಓದಲೂ ಬಾರದು.

ಬ್ರೌಸರ್‌ನೊಳಗೆ ಓಡುವ ಜಾವಾಸ್ಕ್ರಿಪ್ಟ್‌ಗೆ ಈ ವಿಳಾಸವನ್ನು ನೇರವಾಗಿ ಕೇಳಿ ಪಡೆಯುವ ಸೌಲಭ್ಯವಿಲ್ಲ. ಮನೆಯ ರೂಟರ್‌ನ ಹಿಂದಿರುವ ಗಣಕಯಂತ್ರಕ್ಕೆ ಗೊತ್ತಿರುವುದು 192.168 ಎಂದು ಆರಂಭವಾಗುವ ಮನೆಯೊಳಗಿನ ವಿಳಾಸ ಮಾತ್ರ. ‘ನನ್ನ ಐಪಿ ವಿಳಾಸ ಯಾವುದು’ ಎಂದು ತಿಳಿಸುವ ತಾಣಗಳು ತಮ್ಮ ಸರ್ವರ್‌ಗೆ ಕಂಡ ವಿಳಾಸವನ್ನು ಪುಟದ ಮೇಲೆ ಮರಳಿ ಬರೆದು ತೋರಿಸುತ್ತವೆ, ಅಷ್ಟೆ.

ಮಧ್ಯವರ್ತಿಗಳು ಮತ್ತು ಹೆಡರ್‌ಗಳು

ಒಂದು ತಾಣಕ್ಕೆ ಬರುವವರ ಸಂಖ್ಯೆ ಹೆಚ್ಚಿದಂತೆ ಅದರ ಮುಂದೆ ರಿವರ್ಸ್ ಪ್ರಾಕ್ಸಿ, ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಅಥವಾ ಪುಟಗಳ ಪ್ರತಿಯನ್ನು ಓದುಗರ ಸಮೀಪದಲ್ಲಿರಿಸುವ ವಿತರಣಾ ಜಾಲ (ಸಿಡಿಎನ್) ಸೇರಿಕೊಳ್ಳುತ್ತದೆ. ಬಳಕೆದಾರನ ಟಿಸಿಪಿ ಸಂಪರ್ಕ ಆ ಮಧ್ಯವರ್ತಿಯಲ್ಲಿಯೇ ಕೊನೆಗೊಳ್ಳುತ್ತದೆ. ಅಲ್ಲಿಂದ ಅಪ್ಲಿಕೇಶನ್‌ಗೆ ಹೋಗುವುದು ಮಧ್ಯವರ್ತಿ ತೆರೆದ ಬೇರೊಂದು ಸಂಪರ್ಕ. ಪರಿಣಾಮವಾಗಿ, ಲೋಕದ ಯಾವ ಮೂಲೆಯಿಂದ ಯಾರು ಬಂದರೂ ಅಪ್ಲಿಕೇಶನ್‌ಗೆ ಕಾಣುವುದು 10.0.0.5ರಂತಹ ಒಂದೇ ಒಳವಿಳಾಸ. ಈ ಬದಲಾವಣೆಯನ್ನು ಗಮನಿಸದ ತಾಣಗಳಲ್ಲಿ ಒಬ್ಬನು ಐದು ಬಾರಿ ತಪ್ಪು ಪಾಸ್‌ವರ್ಡ್ ಕೊಟ್ಟರೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಇದಕ್ಕೆ ಪರಿಹಾರವಾಗಿ ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶದ ಅಭಿವೃದ್ಧಿಗಾರರು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಹೆಡರನ್ನು ಬಳಕೆಗೆ ತಂದರು. ಕೋರಿಕೆಯನ್ನು ಮುಂದಕ್ಕೆ ಕಳುಹಿಸುವ ಪ್ರತಿಯೊಂದು ಪ್ರಾಕ್ಸಿಯೂ ತನಗೆ ಅದನ್ನು ತಲುಪಿಸಿದವರ ವಿಳಾಸವನ್ನು ಈ ಹೆಡರ್‌ನ ಕೊನೆಗೆ, ಅಲ್ಪವಿರಾಮದ ನಂತರ, ಸೇರಿಸುತ್ತದೆ. ಎಲ್ಲರೂ ಪ್ರಾಮಾಣಿಕರಾಗಿದ್ದರೆ ಪಟ್ಟಿಯ ಎಡತುದಿಯಲ್ಲಿ ಮೂಲ ಬಳಕೆದಾರನೂ ಬಲತುದಿಯಲ್ಲಿ ಕೊನೆಯ ಪ್ರಾಕ್ಸಿಯ ಹಿಂದಿನವನೂ ಇರುತ್ತಾರೆ. ಯಾವ ಮಾನಕದ ಬೆಂಬಲವೂ ಇಲ್ಲದೆ ಈ ಹೆಡರ್ ಎಲ್ಲೆಡೆ ಹಬ್ಬಿತು. 2014ರ ಜೂನ್‌ನಲ್ಲಿ ಆರ್‌ಎಫ್‌ಸಿ 7239 ‘ಫಾರ್ವರ್ಡೆಡ್’ ಎಂಬ ಅಧಿಕೃತ ಹೆಡರನ್ನು ನಿರೂಪಿಸಿತು. ಮೂಲ ವಿಳಾಸದ ಜೊತೆಗೆ ಯಾವ ಪ್ರಾಕ್ಸಿ, ಯಾವ ತಾಣದ ಹೆಸರು, ಯಾವ ಸಂವಹನ ನಿಯಮ ಎಂಬ ವಿವರಗಳಿಗೂ ಅದರಲ್ಲಿ ಸ್ಥಾನವಿದೆ. ಆದರೂ ಹಳೆಯ ಹೆಡರ್ ಹಿಂದೆ ಸರಿದಿಲ್ಲ.

ಇವಲ್ಲದೆ ಒಂದೇ ವಿಳಾಸವನ್ನು ಹೊತ್ತು ತರುವ ಹೆಡರ್‌ಗಳೂ ಇವೆ. ಎಂಜಿನ್‌ಎಕ್ಸ್ ಸಂಯೋಜನೆಗಳಲ್ಲಿ ಕಾಣುವ ‘ಎಕ್ಸ್-ರಿಯಲ್-ಐಪಿ’, ಕ್ಲೌಡ್‌ಫ್ಲೇರ್‌ನ ‘ಸಿಎಫ್-ಕನೆಕ್ಟಿಂಗ್-ಐಪಿ’, ಅಕಮೈ ಬಳಸುವ ‘ಟ್ರೂ-ಕ್ಲೈಂಟ್-ಐಪಿ’ ಈ ಗುಂಪಿನವು. ಗೂಢಲಿಪಿಯಲ್ಲಿರುವ ಕೋರಿಕೆಯನ್ನು ಬಿಚ್ಚದೆಯೇ ಮುಂದಕ್ಕೆ ಸಾಗಿಸುವ ಲೋಡ್ ಬ್ಯಾಲೆನ್ಸರ್‌ಗಳು ಹೆಡರ್ ಸೇರಿಸಲಾರವು. ಅವುಗಳಿಗಾಗಿ ಎಚ್‌ಎ ಪ್ರಾಕ್ಸಿ ತಂತ್ರಾಂಶದ ಕಡೆಯಿಂದ ‘ಪ್ರಾಕ್ಸಿ ಪ್ರೋಟೋಕಾಲ್’ ಬಂದಿತು. ಇದರಲ್ಲಿ ಸಂಪರ್ಕದ ಆರಂಭದಲ್ಲಿಯೇ ಮೂಲ ವಿಳಾಸವನ್ನು ಹೇಳಿ, ಅನಂತರ ಮಾಹಿತಿಯನ್ನು ಹರಿಯಬಿಡಲಾಗುತ್ತದೆ.

ಯಾವ ವಿಳಾಸವನ್ನು ನಂಬಬೇಕು

ಹೆಡರ್ ಎಂದರೆ ಕೋರಿಕೆಯ ಜೊತೆಗೆ ಬರುವ ಬರಹ. ಪ್ರಾಕ್ಸಿ ಅದನ್ನು ಬರೆಯಬಲ್ಲುದಾದಂತೆ ಬಳಕೆದಾರನೂ ಬರೆಯಬಲ್ಲನು. ಕರ್ಲ್‌ನಂತಹ ಸಾಧನದಿಂದ ಯಾವ ಹೆಡರನ್ನಾದರೂ, ಯಾವ ಬೆಲೆಯೊಂದಿಗಾದರೂ ಕಳುಹಿಸಲು ಒಂದು ಸಾಲಿನ ಆದೇಶ ಸಾಕು. ಪಟ್ಟಿಯ ಎಡತುದಿಯೇ ಮೂಲ ಬಳಕೆದಾರ ಎಂಬ ವಿವರಣೆ ಹಲವು ಪಾಠಗಳಲ್ಲಿ ಕಾಣಿಸುತ್ತದೆ. ಪ್ರಾಮಾಣಿಕ ಬಳಕೆದಾರರ ವಿಷಯದಲ್ಲಿ ಅದು ನಿಜ. ಆದರೆ ವಿಳಾಸವನ್ನು ಪರೀಕ್ಷಿಸುವ ಅಗತ್ಯ ಬೀಳುವುದು ಪ್ರಾಮಾಣಿಕರಲ್ಲದವರಿಗಾಗಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಬಳಕೆದಾರನ ನಿಜವಾದ ವಿಳಾಸ 203.0.113.7 ಎಂದಿರಲಿ. ಅವನು ತನ್ನ ಕೋರಿಕೆಯಲ್ಲಿ ಮೊದಲೇ 127.0.0.1 ಎಂದು ಬರೆದ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನು ಸೇರಿಸಿ ಕಳುಹಿಸುತ್ತಾನೆ. 127.0.0.1 ಎಂದರೆ ‘ಇದೇ ಯಂತ್ರ’ ಎಂದರ್ಥ. ಹಲವು ಅಪ್ಲಿಕೇಶನ್‌ಗಳು ಆ ವಿಳಾಸದಿಂದ ಬಂದವರನ್ನು ಸ್ವಂತದವರೆಂದು ಬಗೆಯುತ್ತವೆ. ಕೋರಿಕೆ ಮೊದಲು ವಿತರಣಾ ಜಾಲದ 198.51.100.20 ಎಂಬ ಸರ್ವರ್‌ಗೆ ತಲುಪುತ್ತದೆ. ಅದು ತಾನು ಕಂಡ 203.0.113.7ನ್ನು ಪಟ್ಟಿಯ ಕೊನೆಗೆ ಸೇರಿಸುತ್ತದೆ. ಅಲ್ಲಿಂದ ಕೋರಿಕೆ 10.0.0.5 ಎಂಬ ಲೋಡ್ ಬ್ಯಾಲೆನ್ಸರ್‌ಗೆ ಬರುತ್ತದೆ, ಅದು 198.51.100.20ನ್ನು ಸೇರಿಸುತ್ತದೆ. ಕೊನೆಗೆ ಅಪ್ಲಿಕೇಶನ್ ಪಡೆಯುವ ಹೆಡರ್ ಹೀಗಿರುತ್ತದೆ:

127.0.0.1, 203.0.113.7, 198.51.100.20

ಸಂಪರ್ಕದ ವಿಳಾಸ 10.0.0.5. ಎಡತುದಿಯನ್ನು ಆರಿಸಿಕೊಳ್ಳುವ ಪ್ರೋಗ್ರಾಮ್ ಈ ಬಳಕೆದಾರನನ್ನು ‘ಇದೇ ಯಂತ್ರ’ ಎಂದು ನಂಬಿ ಒಳಗೆ ಬಿಡುತ್ತದೆ.

ಸರಿಯಾದ ಕ್ರಮ ಬಲದಿಂದ ಎಡಕ್ಕೆ ಸಾಗುತ್ತದೆ. ಮೊದಲು ಸಂಪರ್ಕದ ವಿಳಾಸವನ್ನು ನೋಡಬೇಕು. 10.0.0.5 ತಾಣದ ಒಡೆಯರದೇ ಲೋಡ್ ಬ್ಯಾಲೆನ್ಸರ್ ಎಂದು ಪಟ್ಟಿಯಲ್ಲಿದೆ. ಆದುದರಿಂದ ಅದು ಬರೆದ ಕೊನೆಯ ನಮೂದನ್ನು, ಎಂದರೆ 198.51.100.20ನ್ನು, ನಂಬಬಹುದು. ಆ ವಿಳಾಸ ವಿತರಣಾ ಜಾಲದ್ದೆಂದು ತಿಳಿದಿದೆ. ಆದುದರಿಂದ ಅದು ಬರೆದ 203.0.113.7ನ್ನೂ ನಂಬಬಹುದು. ಈ ವಿಳಾಸ ಪರಿಚಿತ ಪ್ರಾಕ್ಸಿಗಳ ಪಟ್ಟಿಯಲ್ಲಿ ಇಲ್ಲ. ಇಲ್ಲಿಗೆ ನಿಲ್ಲಬೇಕು, ಇದೇ ಸಂದರ್ಶಕರ ವಿಳಾಸ. ಇದರ ಎಡಕ್ಕಿರುವುದೆಲ್ಲ ಅಪರಿಚಿತನು ಹೇಳಿದ ಮಾತು. ಸಂಪರ್ಕವೇ ಅಪರಿಚಿತ ವಿಳಾಸದಿಂದ ಬಂದಿದ್ದರೆ ಹೆಡರನ್ನು ಓದದೆ ಪೂರ್ತಿ ಬದಿಗಿಡಬೇಕು.

ಕೆಲವು ತಂತ್ರಾಂಶಗಳು ವಿಳಾಸಗಳ ಪಟ್ಟಿಯ ಬದಲು ಎಣಿಕೆಯನ್ನು ಬಳಸುತ್ತವೆ: ಮುಂದೆ ಎರಡು ಪ್ರಾಕ್ಸಿಗಳಿದ್ದರೆ ಬಲದಿಂದ ಎರಡನೆಯ ನಮೂದು. ಎಲ್ಲ ಕೋರಿಕೆಗಳೂ ಒಂದೇ ದಾರಿಯಲ್ಲಿ ಬರುವವರೆಗೆ ಇದು ಸರಳ ಹಾಗೂ ಸಮರ್ಪಕ. ವಿತರಣಾ ಜಾಲವನ್ನು ದಾಟದೆ ಲೋಡ್ ಬ್ಯಾಲೆನ್ಸರ್‌ಗೆ ನೇರವಾಗಿ ಬರುವ ಇನ್ನೊಂದು ದಾರಿ ತೆರೆದಿದ್ದರೆ ಎಣಿಕೆ ತಪ್ಪುತ್ತದೆ. ಆಕ್ರಮಣಕಾರನು ಬರೆದ ನಮೂದೇ ಎರಡನೆಯದಾಗಿ ಕುಳಿತುಕೊಳ್ಳುತ್ತದೆ. ಒಂದೇ ವಿಳಾಸದ ಹೆಡರ್‌ಗಳಿಗೂ ಇದೇ ಅಪಾಯವಿದೆ. ಸಿಎಫ್-ಕನೆಕ್ಟಿಂಗ್-ಐಪಿ ಹೆಡರನ್ನು ಕ್ಲೌಡ್‌ಫ್ಲೇರ್ ಬರೆದಿದ್ದರೆ ಅದಕ್ಕೆ ಬೆಲೆಯಿದೆ. ಆದರೆ ಮೂಲ ಸರ್ವರ್‌ನ ವಿಳಾಸವನ್ನು ಪತ್ತೆಹಚ್ಚಿ ನೇರವಾಗಿ ಬಂದವನು ಅದೇ ಹೆಸರಿನ ಹೆಡರನ್ನು ತಾನೇ ಬರೆದು ತರಬಲ್ಲನು. ಆದ್ದರಿಂದ ಮೂಲ ಸರ್ವರ್‌ನ ಫೈರ್‌ವಾಲ್ ವಿತರಣಾ ಜಾಲವು ಪ್ರಕಟಿಸಿದ ವಿಳಾಸಗಳಿಂದ ಮಾತ್ರ ಸಂಪರ್ಕಗಳನ್ನು ಒಪ್ಪುವಂತೆ ಮಾಡಲಾಗುತ್ತದೆ.

ಪಿಎಚ್‌ಪಿ ಕಲಿಯುವವರ ನಡುವೆ ವರ್ಷಗಳಿಂದ ನಕಲಾಗುತ್ತ ಬಂದಿರುವ ಒಂದು ಪ್ರೋಗ್ರಾಮ್ ತುಣುಕು ಇಲ್ಲಿ ಉಲ್ಲೇಖಾರ್ಹ. ಅದು ಮೊದಲು ‘ಕ್ಲೈಂಟ್-ಐಪಿ’ ಹೆಡರನ್ನು, ಅದಿಲ್ಲದಿದ್ದರೆ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನು, ಅದೂ ಇಲ್ಲದಿದ್ದರೆ ಸಂಪರ್ಕದ ವಿಳಾಸವನ್ನು ಓದುತ್ತದೆ. ನಂಬಿಕೆಯ ದೃಷ್ಟಿಯಿಂದ ಈ ಕ್ರಮ ಸಂಪೂರ್ಣ ತಲೆಕೆಳಗು: ಯಾರು ಬೇಕಾದರೂ ಬರೆಯಬಹುದಾದದ್ದಕ್ಕೆ ಮೊದಲ ಮಣೆ, ನಕಲಿ ಮಾಡಲಾಗದ್ದಕ್ಕೆ ಕೊನೆಯ ಸ್ಥಾನ. ಬಳಕೆದಾರರೆಲ್ಲ ಸಜ್ಜನರಾಗಿರುವಷ್ಟು ದಿನ ಇದು ಸರಿಯಾದ ಉತ್ತರವನ್ನೇ ಕೊಡುವುದರಿಂದ ದೋಷ ಬೆಳಕಿಗೆ ಬರುವುದಿಲ್ಲ.

ದೊಡ್ಡ ತಂತ್ರಾಂಶಗಳೂ ಇದರಿಂದ ಹೊರತಾಗಿರಲಿಲ್ಲ. ಪೈಥಾನ್ ಭಾಷೆಯ ಜಾಂಗೋ ಚೌಕಟ್ಟಿನಲ್ಲಿ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನ ಬೆಲೆಯನ್ನು ಸಂಪರ್ಕದ ವಿಳಾಸದ ಜಾಗಕ್ಕೆ ತಂದು ಕೂರಿಸುವ ಒಂದು ಘಟಕವಿತ್ತು. ಎಲ್ಲ ತಾಣಗಳಿಗೂ ಹೊಂದುವಂತೆ ಅದನ್ನು ಸುರಕ್ಷಿತವಾಗಿ ಬರೆಯಲಾಗದೆಂದು ಕಂಡುಬಂದು, 2009ರಲ್ಲಿ ಬಂದ 1.1ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು. 2012ರಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿಯೂ ಇಂತಹ ಲೋಪ ಬಯಲಾಯಿತು. ಒಬ್ಬ ಬಳಕೆದಾರನ ಸ್ವಂತ ಪ್ರಾಕ್ಸಿಯು ಹೆಡರ್‌ನಲ್ಲಿ 127.0.0.1 ಎಂದು ಬರೆದು ಕಳುಹಿಸಿದಾಗ, ತಾಣದ ಅಭಿವೃದ್ಧಿಗಾರರಿಗೆ ಮಾತ್ರ ಕಾಣಬೇಕಾದ ಮಾಹಿತಿ ಅವನಿಗೂ ಕಂಡಿತು. ಅವನು ತಾಣಕ್ಕೆ ವಿಷಯ ತಿಳಿಸಿದ ಮೇಲೆ ಲೋಪವನ್ನು ಸರಿಪಡಿಸಲಾಯಿತು.

ಇಂದು ಈ ಲೆಕ್ಕಾಚಾರವನ್ನು ಪ್ರೋಗ್ರಾಮ್ ಬರೆಯುವವರು ಕೈಯಾರೆ ಮಾಡಬೇಕಾದುದಿಲ್ಲ. ಎಂಜಿನ್‌ಎಕ್ಸ್‌ನ ‘ರಿಯಲ್ ಐಪಿ’ ಘಟಕ ಮತ್ತು ಅಪಾಚೆಯ ‘ರಿಮೋಟ್ ಐಪಿ’ ಘಟಕಗಳಿಗೆ ನಂಬಿಕೆಯ ಪ್ರಾಕ್ಸಿಗಳ ಪಟ್ಟಿಯನ್ನು ಕೊಟ್ಟರೆ ಅವೇ ಬಲದಿಂದ ಎಡಕ್ಕೆ ನಡೆದು ವಿಳಾಸವನ್ನು ಹುಡುಕಿಕೊಡುತ್ತವೆ. ಎಂಜಿನ್‌ಎಕ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಪ್ರಾಕ್ಸಿಗಳನ್ನು ದಾಟಬೇಕಾದರೆ ಪುನರಾವರ್ತನೆಯ ಆಯ್ಕೆಯನ್ನು ಬೇರೆಯಾಗಿ ತೆರೆಯಬೇಕು. ನೋಡ್ ಜೆಎಸ್‌ನ ಎಕ್ಸ್‌ಪ್ರೆಸ್‌ನಲ್ಲಿ ‘ಟ್ರಸ್ಟ್ ಪ್ರಾಕ್ಸಿ’ ಎಂಬ ಆಯ್ಕೆಯಿದೆ. ಅದಕ್ಕೆ ವಿಳಾಸಗಳ ಪಟ್ಟಿ ಅಥವಾ ಎಣಿಕೆಯನ್ನು ಕೊಡದೆ ಬರಿದೆ ‘ನಿಜ’ ಎಂದು ಬರೆದರೆ ಎಲ್ಲರನ್ನೂ ನಂಬಿದಂತಾಗಿ, ಎಡತುದಿಯ ನಮೂದೇ ಆಯ್ಕೆಯಾಗುತ್ತದೆ.

ಓದುವಾಗ ಮತ್ತು ಉಳಿಸಿಡುವಾಗ

ಹೆಡರ್‌ನಿಂದ ಪಡೆದ ಬೆಲೆ ನಿಜಕ್ಕೂ ಐಪಿ ವಿಳಾಸದ ರೂಪದಲ್ಲಿದೆಯೇ ಎಂದು ಪರೀಕ್ಷಿಸದೆ ಬಳಸಬಾರದು. ಅದರಲ್ಲಿ ಡೇಟಾಬೇಸ್ ಆದೇಶವನ್ನೋ ಸ್ಕ್ರಿಪ್ಟನ್ನೋ ತುರುಕಲು ಸಾಧ್ಯವಿದೆ. ವಿಳಾಸವೆಂದರೆ ನಿರುಪದ್ರವಿ ಸಂಖ್ಯೆ ಎಂಬ ಭಾವನೆಯಿಂದ ಲಾಗ್ ಪುಟದಲ್ಲಿ ಅದನ್ನು ಹಾಗೆಯೇ ಅಚ್ಚು ಮಾಡಿದರೆ, ಆ ಪುಟವನ್ನು ತೆರೆದ ನಿರ್ವಾಹಕರ ಬ್ರೌಸರ್‌ನಲ್ಲಿ ಸ್ಕ್ರಿಪ್ಟ್ ಓಡುತ್ತದೆ. ಕೆಲವು ಪ್ರಾಕ್ಸಿಗಳು ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆಯನ್ನೂ ಬರೆಯುತ್ತವೆ. ಕೆಲವು ‘ಅಜ್ಞಾತ’ ಎಂಬರ್ಥದ ಪದವನ್ನು ಬರೆಯುತ್ತವೆ. ಒಂದೇ ಹೆಸರಿನ ಹೆಡರ್ ಎರಡು ಸಾಲುಗಳಲ್ಲಿ ಬಂದರೆ ಎರಡನ್ನೂ ಕ್ರಮವಾಗಿ ಜೋಡಿಸಿ ಒಂದೇ ಪಟ್ಟಿಯಾಗಿ ಓದಬೇಕು.

ವಿಳಾಸಕ್ಕೆ 15 ಅಕ್ಷರಗಳ ಜಾಗವನ್ನಷ್ಟೇ ಇಟ್ಟ ಹಳೆಯ ಡೇಟಾಬೇಸ್ ಕೋಷ್ಟಕಗಳು ಆವೃತ್ತಿ 6ರ ವಿಳಾಸವನ್ನು ಹಿಡಿಸಲಾರವು. ಅದು 39 ಅಕ್ಷರಗಳವರೆಗೆ ಬೆಳೆಯಬಹುದು. ಅದೇ ವಿಳಾಸವನ್ನು ಸೊನ್ನೆಗಳನ್ನು ಬಿಟ್ಟು ಅಥವಾ ಸೇರಿಸಿ ಹಲವು ಬಗೆಯಲ್ಲಿ ಬರೆಯಬಹುದಾದ್ದರಿಂದ, ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಎರಡೂ ಆವೃತ್ತಿಗಳನ್ನು ಒಂದೇ ಸಾಕೆಟ್‌ನಲ್ಲಿ ಆಲಿಸುವ ಸರ್ವರ್‌ಗಳು ಆವೃತ್ತಿ 4ರ ವಿಳಾಸವನ್ನು ಆವೃತ್ತಿ 6ರ ಹೊದಿಕೆಯೊಳಗಿಟ್ಟು ಕೊಡುವುದುಂಟು. ಆ ಹೊದಿಕೆಯನ್ನು ಬಿಡಿಸದ ಪ್ರೋಗ್ರಾಮಿನಲ್ಲಿ ತಡೆಪಟ್ಟಿಯಲ್ಲಿರುವ ವಿಳಾಸವೂ ಬೇರೆಯದಾಗಿ ತೋರಿ ಒಳಗೆ ನುಸುಳುತ್ತದೆ.

ಒಂದು ವಿಳಾಸ, ಹಲವು ಜನ

ಸರಿಯಾಗಿ ಗುರುತಿಸಿದ ವಿಳಾಸವೂ ಒಬ್ಬ ವ್ಯಕ್ತಿಯ ಗುರುತಲ್ಲ. ಮನೆ, ಕಾಲೇಜು, ಕಚೇರಿಗಳಲ್ಲಿ ಹತ್ತಾರು ಸಾಧನಗಳು ರೂಟರ್‌ನ ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುತ್ತವೆ. ಆವೃತ್ತಿ 4ರ ವಿಳಾಸಗಳ ಅಭಾವದಿಂದಾಗಿ ಸೇವಾದಾತರು ಇನ್ನೂ ಒಂದು ಹಂತ ಮೇಲೆ, ಅನೇಕ ಗ್ರಾಹಕರನ್ನು ಒಂದು ವಿಳಾಸದ ಹಿಂದೆ ಇರಿಸುತ್ತಾರೆ. ಇದಕ್ಕಾಗಿಯೇ 2012ರ ಏಪ್ರಿಲ್‌ನಲ್ಲಿ 100.64.0.0/10 ಎಂಬ ವಿಳಾಸ ಸಮೂಹವನ್ನು ಮೀಸಲಿಡಲಾಯಿತು. ಭಾರತದ ಮೊಬೈಲ್ ಜಾಲಗಳಲ್ಲಿ ಇಂತಹ ಹಂಚಿಕೆ ಸಾಮಾನ್ಯ. ಒಬ್ಬನ ದುರ್ವರ್ತನೆಗಾಗಿ ಇಂತಹ ವಿಳಾಸವನ್ನು ತಡೆದರೆ ಅದರ ಹಿಂದಿರುವ ಎಲ್ಲರೂ ಹೊರಗುಳಿಯುತ್ತಾರೆ.

ಇದರ ಪ್ರಸಿದ್ಧ ನಿದರ್ಶನ ಕತಾರ್ ದೇಶದ್ದು. 2007ರ ಹೊಸವರ್ಷದ ಹೊತ್ತಿಗೆ ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕರೊಬ್ಬರು ಹಾನಿಕರ ಸಂಪಾದನೆಗಳ ಕಾರಣಕ್ಕೆ ಒಂದು ಐಪಿ ವಿಳಾಸವನ್ನು ತಡೆದರು. ಆ ದೇಶದ ಹೆಚ್ಚುಕಡಿಮೆ ಎಲ್ಲ ಬಳಕೆದಾರರೂ ಒಂದೇ ಸೇವಾದಾತರ ಅದೇ ಪ್ರಾಕ್ಸಿಯ ಮೂಲಕ ಬರುತ್ತಿದ್ದರು. ಇಡೀ ದೇಶವನ್ನೇ ತಡೆಯಲಾಗಿದೆ ಎಂಬ ಸುದ್ದಿ ಹರಡಿತು; ತಡೆಯನ್ನು ಬೇಗನೆ ಹಿಂತೆಗೆದುಕೊಳ್ಳಲಾಯಿತು. ವಿಕಿಮೀಡಿಯ ಯೋಜನೆಗಳಲ್ಲಿ, ಪ್ರಾಮಾಣಿಕವೆಂದು ಖಚಿತಪಟ್ಟ ಸೇವಾದಾತರ ಪ್ರಾಕ್ಸಿಗಳನ್ನು ಪಟ್ಟಿ ಮಾಡಿ, ಅವು ಬರೆಯುವ ಎಕ್ಸ್-ಫಾರ್ವರ್ಡೆಡ್-ಫಾರ್ ನಮೂದನ್ನು ಮಾತ್ರ ನಂಬುವ ವ್ಯವಸ್ಥೆ ಇದೆ. ಸೇವಾದಾತರು ಹೆಡರನ್ನು ಸರಿಯಾಗಿ ಬರೆದು ಈ ಪಟ್ಟಿಗೆ ಸೇರಿದರೆ ತಪ್ಪಿತಸ್ಥನೊಬ್ಬನನ್ನೇ ತಡೆಯಲು ಸಾಧ್ಯವಾಗುತ್ತದೆ.

ಆವೃತ್ತಿ 6ರಲ್ಲಿ ಸಮಸ್ಯೆ ತಿರುಗುಮುರುಗು. ಒಂದು ಮನೆಗೆ ಸಾಮಾನ್ಯವಾಗಿ 64 ಬಿಟ್‌ಗಳ ಪೂರ್ವಭಾಗವಾದರೂ ದೊರೆಯುತ್ತದೆ. ಉಳಿದ 64 ಬಿಟ್‌ಗಳನ್ನು ಸಾಧನವು ತನಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಬಿಡಿ ವಿಳಾಸಕ್ಕೆ ಮಿತಿ ಹಾಕಿದರೆ ಪ್ರಯೋಜನವಿಲ್ಲ, ಪೂರ್ವಭಾಗಕ್ಕೆ ಹಾಕಬೇಕು. ವಿಪಿಎನ್ ಅಥವಾ ಟಾರ್ ಜಾಲದ ಮೂಲಕ ಬಂದವರ ವಿಷಯದಲ್ಲಿ ಸರ್ವರ್‌ಗೆ ಸಿಗುವುದು ಆ ಜಾಲದ ಹೊರದ್ವಾರದ ವಿಳಾಸ ಮಾತ್ರ.

ವಿಳಾಸದಿಂದ ಊರನ್ನು ಊಹಿಸುವ ಸೇವೆಗಳೂ ಇವೆ. ದೇಶದ ಮಟ್ಟದಲ್ಲಿ ಅವು ಉಪಯುಕ್ತ; ಮನೆಯ ಮಟ್ಟದಲ್ಲಿ ಅಲ್ಲ. ಅಮೆರಿಕದಲ್ಲಿ ಇಂತಹ ಒಂದು ಸೇವೆಯು ನಿಖರ ಸ್ಥಳ ತಿಳಿಯದ ಕೋಟ್ಯಂತರ ವಿಳಾಸಗಳಿಗೆ ದೇಶದ ನಡುಭಾಗದ ಒಂದು ಅಕ್ಷಾಂಶ-ರೇಖಾಂಶವನ್ನು ಕೊಡುತ್ತಿತ್ತು. ಅದು ಕ್ಯಾನ್ಸಸ್ ರಾಜ್ಯದ ಒಂದು ಹೊಲದ ಮನೆಯ ಮೇಲೆ ಬೀಳುತ್ತಿತ್ತು. ಕಳೆದ ಫೋನ್, ವಂಚನೆ, ಕಾಣೆಯಾದವರು ಎಂದೆಲ್ಲ ಹುಡುಕಿಕೊಂಡು ಪೊಲೀಸರೂ ಅಪರಿಚಿತರೂ ವರ್ಷಗಟ್ಟಲೆ ಆ ಮನೆಗೆ ಬರುತ್ತಿದ್ದರು. 2016ರಲ್ಲಿ ಪತ್ರಿಕಾ ವರದಿಯೊಂದು ಕಾರಣವನ್ನು ಹೊರಗೆಡಹುವವರೆಗೆ ಇದು ಹೀಗೆಯೇ ನಡೆಯಿತು.

ದಾಖಲೆ ಮತ್ತು ತನಿಖೆ

ಬಹುಪಾಲು ಗ್ರಾಹಕರಿಗೆ ಕೊಡುವ ಐಪಿ ವಿಳಾಸ ಬದಲಾಗುತ್ತಿರುತ್ತದೆ. ಬೆಳಿಗ್ಗೆ ಒಬ್ಬರಲ್ಲಿದ್ದ ವಿಳಾಸ ಸಂಜೆ ಇನ್ನೊಬ್ಬರಲ್ಲಿರಬಹುದು. ಹಾಗಾಗಿ ನಿಖರವಾದ ಸಮಯವಿಲ್ಲದ ವಿಳಾಸಕ್ಕೆ ತನಿಖೆಯಲ್ಲಿ ಬೆಲೆಯಿಲ್ಲ. 2011ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 6302, ಅಂತರಜಾಲಕ್ಕೆ ತೆರೆದ ಸರ್ವರ್‌ಗಳು ವಿಳಾಸದ ಜೊತೆಗೆ ಸೆಕೆಂಡಿನವರೆಗೆ ನಿಖರವಾದ ಸಮಯವನ್ನೂ ಎದುರು ತುದಿಯ ಪೋರ್ಟ್ ಸಂಖ್ಯೆಯನ್ನೂ ದಾಖಲಿಸಬೇಕೆಂದು ಶಿಫಾರಸು ಮಾಡಿತು. ಒಂದೇ ವಿಳಾಸವನ್ನು ಏಕಕಾಲದಲ್ಲಿ ಅನೇಕರು ಹಂಚಿಕೊಂಡಿರುವಾಗ ಅವರನ್ನು ಬೇರ್ಪಡಿಸಿ ತೋರಿಸುವುದು ಈ ಪೋರ್ಟ್ ಸಂಖ್ಯೆ. ಅನೇಕ ತಾಣಗಳ ಲಾಗ್‌ಗಳಲ್ಲಿ ಇದು ಇರುವುದಿಲ್ಲ. ಪ್ರಾಕ್ಸಿಯ ಹಿಂದಿರುವ ಅಪ್ಲಿಕೇಶನ್‌ಗೆ ಬಳಕೆದಾರನ ಪೋರ್ಟ್ ತಾನಾಗಿ ತಿಳಿಯುವುದೂ ಇಲ್ಲ. ಪ್ರಾಕ್ಸಿಯೇ ಅದನ್ನು ಬರೆದಿಡಬೇಕಾಗುತ್ತದೆ.

ವಿಳಾಸವನ್ನು ವ್ಯಕ್ತಿಗೆ ಜೋಡಿಸುವ ಕೆಲಸದಲ್ಲಿ ಆಗುವ ತಪ್ಪಿನ ಬೆಲೆ ಏನೆಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕ್ಷಿಯಾಗಿದೆ. ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಪ್ರಕಟವಾದ ದೂರಿನ ಮೇಲೆ, 2007ರ ಆಗಸ್ಟ್‌ನಲ್ಲಿ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಅಂತರಜಾಲ ಸೇವಾದಾತರು ಒದಗಿಸಿದ ಗ್ರಾಹಕ ವಿವರವೇ ಬಂಧನಕ್ಕೆ ಆಧಾರವಾಗಿತ್ತು. ಆ ವಿವರ ತಪ್ಪಾಗಿತ್ತು. ಸಂಬಂಧಪಟ್ಟ ವಿಳಾಸ ಅವರದಾಗಿರಲಿಲ್ಲ. ಅಷ್ಟು ಹೊತ್ತಿಗೆ ಅವರು ಸುಮಾರು 50 ದಿನಗಳನ್ನು ಸೆರೆಮನೆಯಲ್ಲಿ ಕಳೆದಿದ್ದರು. ತಾಣದ ಸರ್ವರ್ ವಿಳಾಸವನ್ನು ಸರಿಯಾಗಿಯೇ ದಾಖಲಿಸಿದ್ದರೂ ಅಲ್ಲಿಂದ ವ್ಯಕ್ತಿಯವರೆಗಿನ ದಾರಿಯಲ್ಲಿ ಇನ್ನೊಬ್ಬರ ದಾಖಲೆ, ಇನ್ನೊಬ್ಬರ ಗಡಿಯಾರ, ಇನ್ನೊಬ್ಬರ ಕಣ್ಣೋಟ ಬರುತ್ತವೆ.

ಭಾರತದ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಸೇವಾದಾತರು, ದತ್ತಾಂಶ ಕೇಂದ್ರಗಳು ಹಾಗೂ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕು. ಗಡಿಯಾರಗಳನ್ನು ಅಧಿಕೃತ ಸಮಯ ಸರ್ವರ್‌ಗಳೊಡನೆ ಹೊಂದಿಸಿಕೊಳ್ಳಬೇಕೆಂಬ ಸೂಚನೆಯೂ ಅದರಲ್ಲಿದೆ. ಸರ್ವರ್‌ಗಳು ಸಾಮಾನ್ಯವಾಗಿ ವಿಶ್ವಸಮಯದಲ್ಲಿ ಲಾಗ್ ಬರೆಯುವುದರಿಂದ, ಭಾರತೀಯ ಸಮಯದೊಡನೆ ಐದೂವರೆ ಗಂಟೆಯ ವ್ಯತ್ಯಾಸವನ್ನು ದಾಖಲೆಯಲ್ಲಿಯೇ ಸ್ಪಷ್ಟವಾಗಿ ನಮೂದಿಸುವುದು ಅಗತ್ಯ.

ಗೋಪ್ಯತೆ

ಐಪಿ ವಿಳಾಸವು ವೈಯಕ್ತಿಕ ಮಾಹಿತಿಯೇ ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ಚರ್ಚೆಯಾಗಿದೆ. ಜರ್ಮನಿಯ ಪ್ಯಾಟ್ರಿಕ್ ಬ್ರೇಯರ್ ಅವರ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯವು 2016ರ ಅಕ್ಟೋಬರ್ 19ರಂದು ತೀರ್ಪು ನೀಡಿತು. ಸೇವಾದಾತರ ಬಳಿಯಿರುವ ವಿವರದೊಂದಿಗೆ ಜೋಡಿಸಿ ವ್ಯಕ್ತಿಯನ್ನು ಗುರುತಿಸುವ ಕಾನೂನುಬದ್ಧ ದಾರಿ ತಾಣದ ಒಡೆಯರಿಗೆ ಇದ್ದರೆ, ಬದಲಾಗುತ್ತಿರುವ ಐಪಿ ವಿಳಾಸವೂ ವೈಯಕ್ತಿಕ ಮಾಹಿತಿ ಎಂದು ಅದು ಹೇಳಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಖ್ಯಾನವೂ ವ್ಯಕ್ತಿಯನ್ನು ಗುರುತಿಸಲು ಸಾಧ್ಯವಾಗುವ ಯಾವುದೇ ದತ್ತಾಂಶವನ್ನು ಒಳಗೊಳ್ಳುವಷ್ಟು ವಿಶಾಲವಾಗಿದೆ.

ಅಂಕಿಅಂಶಕ್ಕಾಗಿ ಮಾತ್ರ ವಿಳಾಸ ಬೇಕಾದಾಗ ಅದರ ಕೊನೆಯ ಭಾಗವನ್ನು ಸೊನ್ನೆಯಾಗಿಸಿ ಉಳಿಸುವ ಪದ್ಧತಿ ಇದೆ. ಬದಲಿಗೆ ವಿಳಾಸದ ಹ್ಯಾಶ್ ಸಂಖ್ಯೆಯನ್ನಷ್ಟೇ ಇಟ್ಟುಕೊಂಡರೆ ಗುರುತು ಅಳಿಯುತ್ತದೆ ಎಂಬ ನಂಬಿಕೆ ಪ್ರಚಲಿತವಾಗಿದ್ದರೂ ಅದು ಸರಿಯಲ್ಲ: ಆವೃತ್ತಿ 4ರ ಎಲ್ಲ 429 ಕೋಟಿ ವಿಳಾಸಗಳ ಹ್ಯಾಶನ್ನೂ ಸಾಧಾರಣ ಗಣಕಯಂತ್ರವೇ ಲೆಕ್ಕಹಾಕಿ ಹೋಲಿಸಬಲ್ಲದು, ಗುಪ್ತ ಕೀಲಿಯನ್ನು ಸೇರಿಸಿ, ಅದನ್ನು ಆಗಾಗ ಬದಲಿಸಿದಾಗ ಮಾತ್ರ ಹ್ಯಾಶ್‌ನಿಂದ ರಕ್ಷಣೆ ಸಿಗುತ್ತದೆ. ಖಾತೆಯಿಲ್ಲದ ಸಂಪಾದಕರ ಐಪಿ ವಿಳಾಸವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಪುಟದ ಇತಿಹಾಸದಲ್ಲಿ ಎಲ್ಲರಿಗೂ ತೋರಿಸುತ್ತಿದ್ದ ವಿಕಿಮೀಡಿಯ ಯೋಜನೆಗಳು, 2024ರ ಕೊನೆಯ ತಿಂಗಳುಗಳಿಂದ ಹಂತಹಂತವಾಗಿ ಅದರ ಜಾಗದಲ್ಲಿ ತಾತ್ಕಾಲಿಕ ಖಾತೆಯ ಹೆಸರನ್ನು ತೋರಿಸಲಾರಂಭಿಸಿದವು. ವಿಳಾಸವನ್ನು ಸರ್ವರ್ ಈಗಲೂ ದಾಖಲಿಸುತ್ತದೆ. ಆದರೆ ದುರುಪಯೋಗ ತಡೆಯುವ ಹೊಣೆ ಹೊತ್ತ, ಅನುಮತಿ ಪಡೆದ ಬಳಕೆದಾರರು ಮಾತ್ರ ಅದನ್ನು ನೋಡಬಹುದು.